ಬೆರಳಿನ ಹಿಡಿತ, ಮಣಿಕಟ್ಟಿನ ಬಿಡುಗಡೆ: ಲೆಗ್ ಸ್ಪಿನ್ ವಿದ್ಯೆ ಕೈಯಿಂದ ಕೈಗೆ ದಾಟಿದ ಚರಿತ್ರೆ

ಲೆಗ್ ಸ್ಪಿನ್ ಕಲಿಸುವ ಯಾವ ಕೈಪಿಡಿಯನ್ನು ತೆರೆದರೂ ಮೊದಲು ಎದುರಾಗುವುದು ಚೆಂಡು ಹಿಡಿದ ಕೈಯ ಚಿತ್ರ. ತೋರುಬೆರಳು ಮತ್ತು ನಡುಬೆರಳು ಹೊಲಿಗೆಗೆ ಅಡ್ಡಲಾಗಿ ಮೇಲೆ ಕೂತಿರುತ್ತವೆ. ಉಂಗುರಬೆರಳು ಮಡಚಿಕೊಂಡು ಪಕ್ಕದಿಂದ ಹೊಲಿಗೆಯನ್ನು ಒತ್ತಿರುತ್ತದೆ, ಹೆಬ್ಬೆರಳದು ಬರಿಯ ಆಸರೆ. ಈ ಚಿತ್ರ ನೂರು ವರ್ಷಗಳಲ್ಲಿ ಹೆಚ್ಚು ಬದಲಾಗಿಲ್ಲ. ಅದನ್ನು ನೋಡಿ ಕಲಿತವರೆಲ್ಲ ಒಂದೇ ಬಗೆಯ ಬೌಲರುಗಳಾದರೇ ಎಂದರೆ, ಇಲ್ಲ. ಗ್ರಿಮೆಟ್, ಚಂದ್ರಶೇಖರ್, ವಾರ್ನ್, ಕುಂಬ್ಳೆ ನಾಲ್ವರೂ ಲೆಗ್ ಸ್ಪಿನ್ನರುಗಳೇ. ಒಬ್ಬರ ಎಸೆತ ಇನ್ನೊಬ್ಬರಂತಿಲ್ಲ. ಹಿಡಿತ ಕಣ್ಣಿಗೆ ಕಾಣುವಂಥದ್ದು, ಆದ್ದರಿಂದ ಬೇಗ ಹರಡಿತು, ಬೇಗ ಬಯಲಾಯಿತು. ಚೆಂಡು ಬೆರಳು ಬಿಡುವ ಗಳಿಗೆ ಕಣ್ಣಿಗೆ ಸಿಗುವುದಿಲ್ಲ. ಬೌಲರುಗಳ ಆಯುಷ್ಯವನ್ನು ತೀರ್ಮಾನಿಸಿದ್ದು ಅದೇ. ಈ ಲೇಖನ ಆ ಎರಡರ ನಡುವಿನ ವ್ಯತ್ಯಾಸವನ್ನು ಇಪ್ಪತ್ತನೆಯ ಶತಮಾನದ ಉದ್ದಕ್ಕೂ ಹಿಂಬಾಲಿಸುತ್ತದೆ.

ಮೇಲುಗೈ ಬೌಲಿಂಗಿಗೆ ನಿಯಮದ ಒಪ್ಪಿಗೆ ಸಿಕ್ಕಿದ್ದು 1864ರಲ್ಲಿ. ಅದಕ್ಕೂ ಮುಂಚೆ ಕೆಳಗೈಯಲ್ಲಿ ಚೆಂಡು ತಿರುಗಿಸುವವರು ಇದ್ದೇ ಇದ್ದರು. ಹ್ಯಾಂಬಲ್ಡನ್ ಕಾಲದ ಲ್ಯಾಂಬೋರ್ನ್ ಎಂಬ ಬೌಲರನ ತಿರುವಿನ ಬಗ್ಗೆ ಜಾನ್ ನೈರೆನ್ 1833ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಆದರೆ ತೋಳು ಭುಜದ ಮೇಲೆ ಏರಿದ ಮೇಲಷ್ಟೇ ಮಣಿಕಟ್ಟಿಗೆ ಪೂರ್ತಿ ಸುತ್ತಿನ ಸ್ವಾತಂತ್ರ್ಯ ಬಂತು. ಅದನ್ನು ಕೊನೆಯವರೆಗೂ ಬಳಸಿಕೊಂಡ ಮೊದಲಿಗ ಬರ್ನಾರ್ಡ್ ಬೊಸಾಂಕೆ.

ಆಕ್ಸ್‌ಫರ್ಡ್ ವಿದ್ಯಾರ್ಥಿಯಾಗಿದ್ದಾಗ ಬೊಸಾಂಕೆ ಒಂದು ಮೇಜಿನ ಆಟ ಆಡುತ್ತಿದ್ದ. ಟೆನಿಸ್ ಚೆಂಡನ್ನು ಮೇಜಿನ ಮೇಲೆ ಪುಟಿಸಿ, ಆಚೆ ಬದಿಯಲ್ಲಿರುವವನಿಗೆ ಹಿಡಿಯಲಾಗದಂತೆ ತಿರುಗಿಸುವುದು ಅದರ ಗುರಿ. ಒಂದೇ ಬಗೆಯ ಕೈಚಲನೆಯಲ್ಲಿ ಎರಡು ದಿಕ್ಕಿಗೆ ತಿರುಗಿಸಬಹುದೆಂಬುದು ಅಲ್ಲಿ ಹೊಳೆಯಿತು. 1900ರ ಜುಲೈನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಲೆಸ್ಟರ್‌ಶೈರ್ ವಿರುದ್ಧ ಇದೇ ಎಸೆತಕ್ಕೆ 98 ರನ್ ಹೊಡೆದಿದ್ದ ಸ್ಯಾಮ್ ಕೋ ಸ್ಟಂಪ್ ಆದ. ಚೆಂಡು ನಾಲ್ಕು ಬಾರಿ ಪುಟಿದು ಬಂದಿತ್ತಂತೆ. ನಾಲ್ಕು ವರ್ಷದೊಳಗೆ ನಗುವವರು ಸುಮ್ಮನಾದರು. 1903–04ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಸಿಡ್ನಿಯಲ್ಲಿ 51ಕ್ಕೆ 6, 1905ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ 107ಕ್ಕೆ 8. ಅದೇ ಗೂಗ್ಲಿ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಗೂಗ್ಲಿಗೆ ಬೇರೆ ಹಿಡಿತವೇ ಇಲ್ಲ. ಲೆಗ್ ಬ್ರೇಕ್, ಟಾಪ್ ಸ್ಪಿನ್ನರ್, ಗೂಗ್ಲಿ ಮೂರಕ್ಕೂ ಬೆರಳುಗಳು ಅದೇ ಜಾಗದಲ್ಲಿರುತ್ತವೆ. ಮೂರರಲ್ಲೂ ಚೆಂಡಿಗೆ ಮುಖ್ಯ ಸುತ್ತು ಕೊಡುವುದು ಉಂಗುರಬೆರಳು. ಬದಲಾಗುವುದು ಬಿಡುವಾಗ ಮಣಿಕಟ್ಟು ಯಾವ ಕಡೆಗೆ ಮುಖ ಮಾಡಿದೆ ಎಂಬುದೊಂದೇ. ಲೆಗ್ ಬ್ರೇಕಿನಲ್ಲಿ ಅಂಗೈ ದಾಂಡಿಗನ ಕಡೆಗಿರುತ್ತದೆ. ಮಣಿಕಟ್ಟು ಇನ್ನಷ್ಟು ಒಳಕ್ಕೆ ತಿರುಗಿದರೆ ಟಾಪ್ ಸ್ಪಿನ್ನರ್. ಮುಂಗೈಯ ಹಿಂಬದಿ ದಾಂಡಿಗನಿಗೆ ಕಾಣುವಷ್ಟು ತಿರುಗಿ, ಚೆಂಡು ಕಿರುಬೆರಳಿನ ಮೇಲಿಂದ ಹೊರಬಿದ್ದರೆ ಗೂಗ್ಲಿ. ಅಂದರೆ ಬೊಸಾಂಕೆ ಕಂಡುಹಿಡಿದದ್ದು ಬಿಡುಗಡೆಯ ಹೊಸ ಬಗೆಯನ್ನು. ಅದನ್ನು ಹಿಡಿತದ ಆವಿಷ್ಕಾರವೆಂಬಂತೆ ವಿವರಿಸುವ ಬರಹಗಳನ್ನು ಇಂದಿಗೂ ಕಾಣುತ್ತೇವೆ, ಅದು ತಪ್ಪು.

ಈ ವಿದ್ಯೆಯ ಮೊದಲ ಹಸ್ತಾಂತರದಲ್ಲೇ ಏರುಪೇರು ಶುರುವಾಯಿತು. ಮಿಡ್ಲ್‌ಸೆಕ್ಸ್ ತಂಡದಲ್ಲಿ ಬೊಸಾಂಕೆಯ ಜೊತೆ ಆಡುತ್ತಿದ್ದ ರೆಜಿ ಶ್ವಾರ್ಟ್ಸ್ ಅವನಿಂದ ಗೂಗ್ಲಿ ಕಲಿತು ದಕ್ಷಿಣ ಆಫ್ರಿಕಾಕ್ಕೆ ಒಯ್ದ. ಶ್ವಾರ್ಟ್ಸ್‌ನ ಕೈಗೆ ಗೂಗ್ಲಿ ಒಲಿಯಿತು, ಲೆಗ್ ಬ್ರೇಕ್ ಒಲಿಯಲಿಲ್ಲ. ಅವನ ಚೆಂಡು ಒಂದೇ ದಿಕ್ಕಿಗೆ ತಿರುಗುತ್ತಿತ್ತು. ಆದರೆ ಅವನಿಂದ ಕಲಿತ ಆಬ್ರಿ ಫಾಕ್ನರ್ ಮತ್ತು ಅರ್ನಿ ವೋಗ್ಲರ್ ಎರಡೂ ದಿಕ್ಕಿಗೆ ತಿರುಗಿಸಿದರು. ಗುರುವಿಗೆ ಬಾರದ್ದು ಶಿಷ್ಯರಿಗೆ ಬಂತು. 1907ರಲ್ಲಿ ಗಾರ್ಡನ್ ವೈಟ್‌ನನ್ನೂ ಸೇರಿಸಿಕೊಂಡು ನಾಲ್ವರು ಗೂಗ್ಲಿ ಬೌಲರುಗಳು ಇಂಗ್ಲೆಂಡಿಗೆ ಬಂದರು. ಲೀಡ್ಸ್ ಟೆಸ್ಟಿನಲ್ಲಿ ಇಂಗ್ಲೆಂಡ್ 76ಕ್ಕೆ ಕುಸಿದಾಗ ಫಾಕ್ನರ್ 17ಕ್ಕೆ 6 ವಿಕೆಟ್ ಪಡೆದಿದ್ದ. ಆ ಸರಣಿಯಲ್ಲಿ ಇಂಗ್ಲೆಂಡ್ ನಾಯಕನಾಗಿದ್ದ ಆರ್.ಇ. ಫಾಸ್ಟರ್ ಮರುವರ್ಷದ ವಿಸ್ಡನ್‌ನಲ್ಲಿ ಈ ಬೌಲಿಂಗ್ ಬಗ್ಗೆ ಬರೆದ ಲೇಖನ, ಎದುರಾಳಿಯೊಬ್ಬ ಬೌಲರನ ಕೈಯನ್ನು ಓದಲು ಮಾಡಿದ ಮೊದಲ ಗಂಭೀರ ಪ್ರಯತ್ನಗಳಲ್ಲಿ ಒಂದು.

ಫಾಕ್ನರ್ ಮುಂದೆ ಲಂಡನ್ನಿನಲ್ಲಿ ಕ್ರಿಕೆಟ್ ಶಾಲೆ ತೆರೆದ, ಕ್ರಿಕೆಟನ್ನು ಕಲಿಸಲು ಸಾಧ್ಯವೇ ಎಂಬ ಪ್ರಶ್ನೆಯನ್ನೇ ಶೀರ್ಷಿಕೆ ಮಾಡಿಕೊಂಡು ಪುಸ್ತಕ ಬರೆದ. ಅವನ ಶಾಲೆಯಿಂದ ಬಂದ ಇಯಾನ್ ಪೀಬಲ್ಸ್‌ನ ಕತೆ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. 1930ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಬ್ರಾಡ್ಮನ್‌ನನ್ನು ಔಟ್ ಮಾಡಿದ ಈ ಬೌಲರ್ ಗೂಗ್ಲಿಯನ್ನು ಅತಿಯಾಗಿ ಬಳಸಿ, ಕ್ರಮೇಣ ತನ್ನ ಲೆಗ್ ಬ್ರೇಕನ್ನೇ ಕಳೆದುಕೊಂಡ. ಮಣಿಕಟ್ಟು ಒಳಕ್ಕೆ ತಿರುಗಿ ತಿರುಗಿ ಅಲ್ಲಿಗೇ ಒಗ್ಗಿಹೋಯಿತು. ಮತ್ತೆ ಹೊರಕ್ಕೆ ಬರಲಿಲ್ಲ. ಹಿಡಿತ ಮೊದಲಿನಂತೆಯೇ ಇತ್ತು. ಲೆಗ್ ಬ್ರೇಕ್ ಗಟ್ಟಿಯಾಗುವ ಮುನ್ನ ಗೂಗ್ಲಿಯ ಬೆನ್ನು ಹತ್ತುವ ಹುಡುಗರಿಗೆ ಈ ಕಾಯಿಲೆ ಇಂದಿಗೂ ಅಂಟುತ್ತದೆ.

ನಿಜಕ್ಕೂ ಹೊಸದೆನ್ನಬಹುದಾದ ಹಿಡಿತವನ್ನು ತಂದವನು ಕ್ಲ್ಯಾರಿ ಗ್ರಿಮೆಟ್. ನ್ಯೂಜಿಲೆಂಡಿನಲ್ಲಿ 1891ರಲ್ಲಿ ಹುಟ್ಟಿ ಆಸ್ಟ್ರೇಲಿಯಾಕ್ಕೆ ಆಡಿದ ಈತ ತನ್ನ ಮೊದಲ ಟೆಸ್ಟ್ ಆಡಿದ್ದು 33ನೆಯ ವಯಸ್ಸಿನಲ್ಲಿ, 1925ರ ಸಿಡ್ನಿಯಲ್ಲಿ. ಆ ಪಂದ್ಯದಲ್ಲೇ 11 ವಿಕೆಟ್ ಪಡೆದ. 37 ಟೆಸ್ಟುಗಳಲ್ಲಿ 216 ವಿಕೆಟ್. ಟೆಸ್ಟ್ ಕ್ರಿಕೆಟಿನಲ್ಲಿ 200 ದಾಟಿದ ಮೊದಲಿಗ. ಹಿತ್ತಲಿನಲ್ಲಿ ತಾಸುಗಟ್ಟಲೆ ಒಬ್ಬನೇ ಚೆಂಡೆಸೆಯುತ್ತಿದ್ದ, ತರಬೇತಿ ಕೊಟ್ಟ ನಾಯಿ ಚೆಂಡು ಹೆಕ್ಕಿ ತರುತ್ತಿತ್ತು. ಅಲ್ಲಿ ರೂಪುಗೊಂಡದ್ದು ಫ್ಲಿಪ್ಪರ್. ಇದರಲ್ಲಿ ಉಂಗುರಬೆರಳಿಗೆ ಕೆಲಸವಿಲ್ಲ. ಹೆಬ್ಬೆರಳು ಒಂದು ಕಡೆ, ಮೊದಲೆರಡು ಬೆರಳು ಇನ್ನೊಂದು ಕಡೆ; ನಡುವೆ ಅದುಮಿದ ಚೆಂಡು ಚಿಟಿಕೆ ಹೊಡೆದಂತೆ ಕೈಯಡಿಯಿಂದ ಹಾರುತ್ತದೆ. ಅದರ ಸುತ್ತು ಹಿಮ್ಮುಖ. ಆದ್ದರಿಂದ ಬೀಳುವ ಮುನ್ನ ಗಾಳಿಯಲ್ಲಿ ಸ್ವಲ್ಪ ಹೆಚ್ಚು ತೇಲಿ, ಬಿದ್ದ ಮೇಲೆ ಏಳದೆ ಜಾರಿ ನುಗ್ಗುತ್ತದೆ. ಗಿಡ್ಡ ಎಸೆತವೆಂದು ಹಿಂದೆ ಸರಿದ ದಾಂಡಿಗ ಎಲ್‌ಬಿ ಆಗುತ್ತಾನೆ. ಬೆರಳ ಚಿಟಿಕೆಯ ಸದ್ದು ದಾಂಡಿಗರಿಗೆ ಕೇಳಿಸಿ ಗುಟ್ಟು ರಟ್ಟಾದಾಗ, ಗ್ರಿಮೆಟ್ ಬೇರೆ ಎಸೆತಗಳಿಗೂ ಎಡಗೈಯಲ್ಲಿ ಚಿಟಿಕೆ ಹೊಡೆಯತೊಡಗಿದನೆಂಬ ಪ್ರತೀತಿ ಇದೆ.

ಗ್ರಿಮೆಟ್ ಪುಸ್ತಕಗಳನ್ನು ಬರೆದ. ಆದರೂ ಫ್ಲಿಪ್ಪರ್ ಮುಂದಿನ ತಲೆಮಾರಿಗೆ ದಾಟಿದ್ದು ಪುಟಗಳಿಗಿಂತ ಹೆಚ್ಚಾಗಿ ಕೈಗಳ ಮೂಲಕ. ದಕ್ಷಿಣ ಆಸ್ಟ್ರೇಲಿಯಾದ ಬ್ರೂಸ್ ಡೂಲಂಡ್ ಅವನಿಂದ ಕಲಿತ. ಡೂಲಂಡ್ ನಾಟಿಂಗ್‌ಹ್ಯಾಮ್‌ಶೈರಿಗೆ ಆಡುತ್ತಿದ್ದಾಗ 1956ರಲ್ಲಿ ಟ್ರೆಂಟ್ ಬ್ರಿಜ್‌ನಲ್ಲಿ ರಿಚಿ ಬೆನೊಗೆ ತೋರಿಸಿಕೊಟ್ಟ. ಬೆನೊ ಅದನ್ನು ಪಳಗಿಸಲು ವರ್ಷಗಳನ್ನು ತೆಗೆದುಕೊಂಡ. ಶೇನ್ ವಾರ್ನ್ 1992ರ ಡಿಸೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ವೆಸ್ಟ್ ಇಂಡೀಸ್ ನಾಯಕ ರಿಚಿ ರಿಚರ್ಡ್‌ಸನ್‌ನನ್ನು ಬೌಲ್ಡ್ ಮಾಡಿದ್ದು ಇದೇ ಎಸೆತದಲ್ಲಿ. ಬೆರಳು ಮತ್ತು ಭುಜದ ಶಸ್ತ್ರಚಿಕಿತ್ಸೆಗಳ ನಂತರ ವಾರ್ನ್‌ನ ಫ್ಲಿಪ್ಪರ್ ಮೊದಲಿನ ಮೊನಚನ್ನು ಕಳೆದುಕೊಂಡಿತು. ಹಿಡಿತ ಮರೆತದ್ದಲ್ಲ; ಬಿಡುಗಡೆಯ ಕ್ಷಣಕ್ಕೆ ಬೇಕಾದ ಬಲ ಕೈಗೆ ಸಾಲದಾಯಿತು.

ಹಿಡಿತವನ್ನೇ ಬಂಡವಾಳ ಮಾಡಿಕೊಂಡವರ ದಾರಿ ಬೇರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನ್ಯೂಗಿನಿಯಲ್ಲಿದ್ದ ಆಸ್ಟ್ರೇಲಿಯಾದ ಸೈನಿಕ ಜ್ಯಾಕ್ ಐವರ್ಸನ್ ಟೇಬಲ್ ಟೆನಿಸ್ ಚೆಂಡನ್ನು ಹೆಬ್ಬೆರಳು ಮತ್ತು ಮಡಚಿದ ನಡುಬೆರಳ ನಡುವೆ ಹಿಡಿದು ಚಿಮ್ಮಿಸುವುದನ್ನು ರೂಢಿಸಿಕೊಂಡ. ಅದೇ ಹಿಡಿತದಲ್ಲಿ ಕ್ರಿಕೆಟ್ ಚೆಂಡೆಸೆದು 1950–51ರ ಆಷಸ್ ಸರಣಿಯಲ್ಲಿ 21 ವಿಕೆಟ್ ಕಿತ್ತ, ಸರಾಸರಿ 15.23. ಅವನ ಟೆಸ್ಟ್ ಜೀವನ ಆ ಐದು ಪಂದ್ಯಗಳಿಗೇ ಮುಗಿಯಿತು. ಪತ್ರಿಕೆಯಲ್ಲಿ ಬಂದ ಐವರ್ಸನ್‌ನ ಕೈಯ ಚಿತ್ರ ನೋಡಿ ನ್ಯೂ ಸೌತ್ ವೇಲ್ಸ್‌ನ ಹಳ್ಳಿಗಾಡಿನ ಜಾನ್ ಗ್ಲೀಸನ್ ಅದನ್ನು ಅಭ್ಯಾಸ ಮಾಡಿದ, 29 ಟೆಸ್ಟುಗಳಲ್ಲಿ 93 ವಿಕೆಟ್ ಪಡೆದ. ಚಿತ್ರದಿಂದ ಹಿಡಿತ ಸಿಕ್ಕಿತು, ಐವರ್ಸನ್‌ನ ಬೌಲಿಂಗ್ ಸಿಗಲಿಲ್ಲ. ಗ್ಲೀಸನ್‌ನದು ಬೇರೆಯೇ ಬೌಲಿಂಗ್ ಆಯಿತು. 2008ರಲ್ಲಿ ಶ್ರೀಲಂಕಾದ ಅಜಂತ ಮೆಂಡಿಸ್ ನಡುಬೆರಳಿನಿಂದ ಚಿಮ್ಮಿಸಿದ ಕೇರಂ ಬಾಲ್ ಈ ವಂಶದ್ದೇ. ಕರಾಚಿಯ ಏಷ್ಯಾ ಕಪ್ ಫೈನಲ್‌ನಲ್ಲಿ ಭಾರತದ ವಿರುದ್ಧ 13ಕ್ಕೆ 6, ಆಮೇಲಿನ ಮೂರು ಟೆಸ್ಟುಗಳಲ್ಲಿ 26 ವಿಕೆಟ್. ಆದರೆ ನಿಧಾನಗತಿಯ ವಿಡಿಯೊದಲ್ಲಿ ಬೆರಳು ಕಾಣುತ್ತಿತ್ತು, ದಾಂಡಿಗರು ಓದಿಕೊಂಡರು. 19 ಟೆಸ್ಟುಗಳಲ್ಲಿ 70 ವಿಕೆಟ್‌ಗೆ ಅವನ ಲೆಕ್ಕ ನಿಂತಿತು. ಚೆನ್ನೈನ ಟೆನಿಸ್ ಬಾಲ್ ಕ್ರಿಕೆಟಿನಿಂದ ಇದೇ ಚಿಮ್ಮುವಿಕೆಯನ್ನು ತಂದ ರವಿಚಂದ್ರನ್ ಅಶ್ವಿನ್ ಉಳಿದುಕೊಂಡದ್ದು, ಅದನ್ನು ಸಾಂಪ್ರದಾಯಿಕ ಆಫ್ ಸ್ಪಿನ್ನಿನ ನಡುವೆ ಅಪರೂಪಕ್ಕೆ ಬಳಸಿದ್ದರಿಂದ ಎಂಬುದು ನನ್ನ ಅಭಿಪ್ರಾಯ.

ಕರ್ನಾಟಕದ ಇಬ್ಬರು ಈ ಚರಿತ್ರೆಯಲ್ಲಿ ಬರುವುದು ಅಭಿಮಾನದ ಸಲುವಾಗಿ ಅಲ್ಲ. ವಾದಕ್ಕೆ ಅವರಿಗಿಂತ ಬಲವಾದ ಸಾಕ್ಷಿಗಳಿಲ್ಲ. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರ ಬಲಗೈಯನ್ನು ಬಾಲ್ಯದಲ್ಲೇ ಪೋಲಿಯೊ ಕೃಶಗೊಳಿಸಿತ್ತು. ಕ್ಷೇತ್ರರಕ್ಷಣೆಯಲ್ಲಿ ಚೆಂಡನ್ನು ಎಡಗೈಯಿಂದ ಎಸೆಯುತ್ತಿದ್ದ ಅವರು ಬೌಲಿಂಗ್ ಮಾಡುತ್ತಿದ್ದುದು ಅದೇ ಸೊರಗಿದ ಬಲಗೈಯಿಂದ. ಆ ತೆಳುತೋಳು ಚಾವಟಿಯಂತೆ ಬೀಸುತ್ತಿತ್ತು; ಗೂಗ್ಲಿ ಮತ್ತು ಟಾಪ್ ಸ್ಪಿನ್ನರ್ ಮಧ್ಯಮ ವೇಗಿಗಳ ಹತ್ತಿರದ ವೇಗದಲ್ಲಿ ಬಂದು ಏರುತ್ತಿದ್ದವು. ಇತರರಿಗೆ ವಿಶೇಷ ಅಸ್ತ್ರವಾದ ಗೂಗ್ಲಿ ಚಂದ್ರ ಅವರಿಗೆ ನಿತ್ಯದ ಎಸೆತ. 1971ರಲ್ಲಿ ಓವಲ್‌ನಲ್ಲಿ 38ಕ್ಕೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದಾಗ ಭಾರತ ಆ ನೆಲದಲ್ಲಿ ಮೊದಲ ಸರಣಿ ಗೆದ್ದಿತು. 1977–78ರಲ್ಲಿ ಮೆಲ್ಬರ್ನ್‌ನ ಎರಡೂ ಇನಿಂಗ್ಸ್‌ಗಳಲ್ಲಿ 52ಕ್ಕೆ 6. ಒಟ್ಟು 58 ಟೆಸ್ಟು, 242 ವಿಕೆಟ್. ಆ ಕೈಯ ಹಿಡಿತದ ಫೋಟೊ ಯಾರಿಗೂ ಸಿಗುತ್ತದೆ. ಆದರೆ ಆ ಬೌಲಿಂಗಿಗೆ ಉತ್ತರಾಧಿಕಾರಿ ಬರಲಿಲ್ಲ, ಏಕೆಂದರೆ ಅದರ ಬಿಡುಗಡೆ ಒಂದು ದೇಹದ ನೋವಿನೊಳಗಿಂದ ಹುಟ್ಟಿದ್ದು.

ಅನಿಲ್ ಕುಂಬ್ಳೆ ಬೇರೆ ಬಗೆಯ ಉದಾಹರಣೆ. ಬೆಂಗಳೂರಿನ ಈ ಎಂಜಿನಿಯರಿಂಗ್ ವಿದ್ಯಾರ್ಥಿ ಮೊದಲು ಮಧ್ಯಮ ವೇಗದ ಬೌಲರ್. ಎತ್ತರದ ನಿಲುವು, ನೇರಕ್ಕೆ ಬರುವ ತೋಳು, ವೇಗಿಯ ಓಟ ಲೆಗ್ ಸ್ಪಿನ್ನಿಗೂ ಬಂದವು. ಚೆಂಡು ತಿರುಗುವುದಿಲ್ಲವೆಂದು ದೂರಿದವರು, ಅದರ ಸುತ್ತು ಪಕ್ಕಕ್ಕಿಂತ ಹೆಚ್ಚಾಗಿ ಮುಂದಕ್ಕಿದೆ, ತಿರುವಿನ ಬದಲು ಪುಟಿತ ಸಿಗುತ್ತಿದೆ ಎಂಬುದನ್ನು ಗಮನಿಸಲಿಲ್ಲ. 1999ರ ಫೆಬ್ರುವರಿ 7ರಂದು ಫಿರೋಜ್ ಷಾ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ 74 ರನ್ನಿಗೆ ಬಿದ್ದದ್ದು ಆ ಪುಟಿತಕ್ಕೆ. ಆಮೇಲೂ ಅವರು ಕಲಿಯುವುದನ್ನು ಬಿಡಲಿಲ್ಲ. ಭುಜದ ಶಸ್ತ್ರಚಿಕಿತ್ಸೆಯ ನಂತರ ಗೂಗ್ಲಿಯ ವೇಗ ಬದಲಿಸಿಕೊಂಡು, 2003–04ರ ಆಸ್ಟ್ರೇಲಿಯಾ ಪ್ರವಾಸದ ಮೂರು ಟೆಸ್ಟುಗಳಲ್ಲಿ 24 ವಿಕೆಟ್ ಪಡೆದರು. 619 ಟೆಸ್ಟ್ ವಿಕೆಟ್‌ಗಳ ಹಿಂದೆ ನಿಗೂಢ ಹಿಡಿತವೊಂದೂ ಇಲ್ಲ.

ಬಿಡುಗಡೆಯನ್ನು ಅಳೆಯುವ ಕಾಲ ಬಂದದ್ದು ಆಫ್ ಸ್ಪಿನ್ನರುಗಳ ದೂಸ್ರಾದಿಂದ. 1990ರ ದಶಕದಲ್ಲಿ ಸಕ್ಲೇನ್ ಮುಷ್ತಾಕ್ ಬೆಳಕಿಗೆ ತಂದ ಈ ಎಸೆತದಲ್ಲಿ ಆಫ್ ಬ್ರೇಕಿನ ಬೆರಳುಗಳೇ ಇರುತ್ತವೆ, ಆದರೆ ಮಣಿಕಟ್ಟು ತಿರುಗಿ ಮುಂಗೈಯ ಹಿಂಬದಿ ದಾಂಡಿಗನಿಗೆ ಎದುರಾಗಬೇಕು. ಮೊಣಕೈ ನೇರವಾಗದಂತೆ ಇದನ್ನು ಮಾಡುವುದು ಅನೇಕರಿಗೆ ಅಸಾಧ್ಯ. ಮುರಳೀಧರನ್ ಸುತ್ತಲಿನ ವಿವಾದದಿಂದಾಗಿ ಅವರ ತೋಳನ್ನು ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅಳೆಯಲಾಯಿತು. 2005ರಿಂದ ಎಲ್ಲ ಬೌಲರುಗಳಿಗೂ ಮೊಣಕೈ ನೇರವಾಗುವಿಕೆಯ ಮಿತಿ 15 ಡಿಗ್ರಿ ಎಂದಾಯಿತು. ಅದಕ್ಕೆ ಮುಂಚೆ ಸ್ಪಿನ್ನರುಗಳಿಗೆ 5 ಡಿಗ್ರಿ ಮಾತ್ರ ಇತ್ತು. ಕುಂಬ್ಳೆ ಐಸಿಸಿ ಕ್ರಿಕೆಟ್ ಸಮಿತಿಯ ಅಧ್ಯಕ್ಷರಾಗಿದ್ದ 2014ರಲ್ಲಿ ಪರೀಕ್ಷೆ ಬಿಗಿಯಾಯಿತು, ಚೆನ್ನೈನಲ್ಲೂ ಮಾನ್ಯತೆ ಪಡೆದ ಪ್ರಯೋಗಾಲಯ ಬಂತು. ಅದೇ ವರ್ಷ ಸಯೀದ್ ಅಜ್ಮಲ್ ಅಮಾನತಾದರು, ದೂಸ್ರಾ ಬಹುಮಟ್ಟಿಗೆ ಹಿಂದೆ ಸರಿಯಿತು. ಭುಜ ಮತ್ತು ಮಣಿಕಟ್ಟಿನ ತಿರುವನ್ನೇ ನೆಚ್ಚಿದ ಲೆಗ್ ಸ್ಪಿನ್ನರನ ಗೂಗ್ಲಿಗೆ ಆ ಮಿತಿ ಅಡ್ಡಿಯಾಗಲಿಲ್ಲ. ಇಪ್ಪತ್ತು ಓವರುಗಳ ಆಟದಲ್ಲಿ ಅದಕ್ಕೆ ಹೊಸ ಬೇಡಿಕೆಯೇ ಹುಟ್ಟಿತು.

ಈ ಚರಿತ್ರೆಯನ್ನು ಗಂಭೀರವಾಗಿ ತೆಗೆದುಕೊಂಡರೆ ನಮ್ಮ ಬೇಸಿಗೆ ಶಿಬಿರಗಳ ಪಾಠಕ್ರಮ ತಲೆಕೆಳಗಾಗಬೇಕು. ಹತ್ತು ವರ್ಷದ ಹುಡುಗಿಗೋ ಹುಡುಗನಿಗೋ ಮೊದಲ ದಿನವೇ ಐದು ಹಿಡಿತ ತೋರಿಸುವುದರಿಂದ ಪ್ರಯೋಜನವಿಲ್ಲ. ಆಸ್ಟ್ರೇಲಿಯಾದ ಮಾಜಿ ಟೆಸ್ಟ್ ಬೌಲರ್ ಪೀಟರ್ ಫಿಲ್‌ಪಾಟ್ 1995ರ ತನ್ನ ಪುಸ್ತಕದಲ್ಲಿ ಒತ್ತಿ ಹೇಳಿದ್ದು ಇದನ್ನೇ: ಮೊದಲು ಚೆಂಡನ್ನು ಸಾಧ್ಯವಾದಷ್ಟು ಜೋರಾಗಿ ತಿರುಗಿಸಲು ಕಲಿಯಬೇಕು, ನಿಖರತೆ ಆಮೇಲೆ. ಓಟ, ಪಿಚ್, ದಾಂಡಿಗ ಯಾವುದೂ ಬೇಡ. ಒಂದು ಕೈಯಿಂದ ಇನ್ನೊಂದಕ್ಕೆ, ಬಳಿಕ ನಾಲ್ಕು ಹೆಜ್ಜೆ ದೂರ ನಿಂತ ಗೆಳತಿಗೆ ಕೆಳಗೈಯಲ್ಲಿ, ಆಮೇಲೆ ತೋಳೆತ್ತಿ ಅರ್ಧ ಪಿಚ್ಚಿಗೆ, ಕೊನೆಗೆ 22 ಗಜಕ್ಕೆ. ಹೊಲಿಗೆ ಸೊಟ್ಟಾಗದೆ ಒಂದೇ ಅಕ್ಷದಲ್ಲಿ ಸುತ್ತುತ್ತಿದೆಯೇ ಎಂದು ಪ್ರತಿ ಎಸೆತದಲ್ಲೂ ನೋಡಬೇಕು. ಹೊಲಿಗೆಯ ಎರಡು ಬದಿಗೆ ಎರಡು ಬಣ್ಣ ಬಳಿದ ಚೆಂಡು ಇದ್ದರೆ ಮಕ್ಕಳಿಗೇ ಅದು ಕಾಣುತ್ತದೆ. ಉಂಗುರಬೆರಳಿನ ಬದಿಯಲ್ಲಿ ಚರ್ಮ ಗಟ್ಟಿಯಾಗತೊಡಗಿದ ಮೇಲೆ, ಲೆಗ್ ಬ್ರೇಕ್ ಹತ್ತಕ್ಕೆ ಏಳು ಬಾರಿಯಾದರೂ ತಿರುಗತೊಡಗಿದ ಮೇಲೆ, ಮಣಿಕಟ್ಟನ್ನು ಒಳಕ್ಕೆ ಹೊರಳಿಸುವ ಪಾಠ ಶುರು ಮಾಡಬಹುದು.