ರೂವಿ ಟಿಪ್ಪಣಿ 11: ತಲೆಪೆಟ್ಟು ಮತ್ತು "ನಾಟಕ"

ಹೋದ ಪೋಸ್ಟ್ ಓದಿ ಊರಿನ ಅಣ್ಣ ಒಬ್ಬರು ಕೇಳಿದ್ರು: "ಸ್ಕ್ಯಾನ್ ನಾರ್ಮಲ್ ಬಂದ್ರೂ ಆ ಮಿಲಿಟರಿ ಹುಡುಗ ತಲೆನೋವು, ಮರೆವು ಅಂತಾನೆ. ಪೆನ್ಶನ್‌ಗೋಸ್ಕರ ನಾಟಕ ಅಲ್ಲ ಅಂತ ಹೇಗೆ ಗೊತ್ತಾಗೋದು?"

ಅಣ್ಣಾ, ಈ ಪ್ರಶ್ನೆಗೆ ನೂರು ವರ್ಷ ದಾಟಿದೆ.

ರೂವಿಯಲ್ಲಿ ಬೈತ್ ಅಲ್ ಫಲಜ್ ಅಂತ ಬಿಳಿ ಕೋಟೆ ಇದೆ, ಈಗ ಸೇನಾ ಮ್ಯೂಸಿಯಂ. 1915ರ ಜನವರಿಯಲ್ಲಿ ಇಮಾಮರ ಪಡೆ ಮಸ್ಕತ್ ಕಡೆ ನುಗ್ಗಿದಾಗ ಇಲ್ಲಿ ತಡೆದು ನಿಂತವರು ಬ್ರಿಟಿಷ್ ಇಂಡಿಯಾದ ಸಿಪಾಯಿಗಳು. ಮರುತಿಂಗಳೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಡಾಕ್ಟರು, ಫ್ರಾನ್ಸಿನ ಯುದ್ಧದಲ್ಲಿ ಹತ್ತಿರವೇ ಶೆಲ್ ಸಿಡಿದಿದ್ದ ಮೂವರು ಸೈನಿಕರ ಬಗ್ಗೆ ಬರೆದರು. ಅವರಿಗೆ ನೆನಪು, ದೃಷ್ಟಿ, ವಾಸನೆ, ರುಚಿ ಕೆಟ್ಟಿತ್ತು. ಕಿವಿ ಮಾತ್ರ ಹೆಚ್ಚುಕಮ್ಮಿ ಸರಿಯಾಗಿತ್ತು! 'ಶೆಲ್ ಶಾಕ್' ಎಂಬ ಹೆಸರು ವೈದ್ಯಕೀಯ ಬರಹಕ್ಕೆ ಬಂದದ್ದು ಹಾಗೆ.

ಸೇನೆ ಏನು ಮಾಡ್ತು? ಶತ್ರುವಿನ ಶೆಲ್‌ನಿಂದಲೇ ಆದದ್ದಾದರೆ 'ಡಬ್ಲ್ಯೂ', ಅಂದ್ರೆ ಗಾಯಾಳು. ಇಲ್ಲದಿದ್ದರೆ 'ಎಸ್', ಬರೀ ಕಾಯಿಲೆಯವ. ಮೊದಲನೆಯವನಿಗೆ ಗಾಯದ ಪಟ್ಟಿಯ ಗೌರವ. ಎರಡನೆಯವನಿಗೆ ಅದಿಲ್ಲ. ನಡುಕ ಇಬ್ಬರದೂ ಒಂದೇ. 1922ರಲ್ಲಿ ಬ್ರಿಟಿಷ್ ಸರ್ಕಾರದ ಸಮಿತಿಯೇ ಈ ಹೆಸರು ಬಿಡಿ ಅಂತು.

ನಮ್ಮವರ ಮೇಲೆ ಅನುಮಾನ ಇನ್ನೂ ಜಾಸ್ತಿ. ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳು ಮನೆಗೆ ಹೋಗಲು ಕೈಗೆ ತಾವೇ ಗುಂಡು ಹೊಡ್ಕೋತಾರೆ ಅಂತ ಗುಸುಗುಸು. ಬ್ರೈಟನ್‌ನ ಕಿಚನರ್ ಇಂಡಿಯನ್ ಆಸ್ಪತ್ರೆಯ ಕರ್ನಲ್ ಬ್ರೂಸ್ ಸೆಟನ್ ಕೂತು 1,000 ಗಾಯ ಲೆಕ್ಕ ಹಾಕಿದರು. ಆ ಗುಸುಗುಸಿಗೆ ಆಧಾರ ಸಿಗಲಿಲ್ಲ. ನನಗೆ ಈ ಕರ್ನಲ್ ಇಷ್ಟ. ಬಾಯಿಮಾತು ನಂಬದೆ ಎಣಿಸಿ ನೋಡಿದರಲ್ಲ!

ಈಗ ಪರೀಕ್ಷೆಗಳಿವೆ. 50 ಚಿತ್ರ ತೋರಿಸ್ತಾರೆ. ಆಮೇಲೆ ಎರಡೆರಡು ಚಿತ್ರ ಇಟ್ಟು, ಮೊದಲು ನೋಡಿದ್ದು ಯಾವುದು ಅಂತ ಕೇಳ್ತಾರೆ. ಕಷ್ಟ ಅನ್ಸುತ್ತೆ, ನಿಜಕ್ಕೂ ಸುಲಭ. ತಲೆಗೆ ಪೆಟ್ಟಾದವರೂ ಚೆನ್ನಾಗಿಯೇ ಮಾಡ್ತಾರೆ. ಕಣ್ಣುಮುಚ್ಚಿ ಹೇಳಿದ್ರೂ ಸುಮಾರು 25 ಸರಿಯಾಗುತ್ತೆ. 12 ಮಾತ್ರ ಬಂದ್ರೆ? ಸರಿಯುತ್ತರ ಗೊತ್ತಿದ್ದೇ ತಪ್ಪು ಹೇಳ್ತಿದ್ದಾನೆ ಅಂತ ಬಲವಾದ ಅನುಮಾನ.

ಆದರೆ 35 ಬಂದ್ರೆ? ಅದು ಕಡಿಮೆಯೇ, ಆದರೆ ಯಾಕೆ ಅಂತ ಅಂಕ ಹೇಳಲ್ಲ. ಪೂರ್ತಿ ಪ್ರಯತ್ನಪಡದೆ ಇರಬಹುದು, ನಿದ್ದೆಗೆಟ್ಟು ಗಮನ ನಿಲ್ಲದೆಯೂ ಇರಬಹುದು. ಸ್ವಲ್ಪ ಹೆಚ್ಚಿಸಿ ಹೇಳುವವನಿಗೂ ನಿಜವಾದ ಪೆಟ್ಟು ಇರಬಹುದು. ಹಾಗಾಗಿ ಒಂದೇ ಪರೀಕ್ಷೆ ನೋಡಿ ತೀರ್ಮಾನ ಮಾಡೋ ಹಾಗಿಲ್ಲ. ಸಣ್ಣ ತಲೆಪೆಟ್ಟಿನಲ್ಲಿ ಸಿಟಿ ಸ್ಕ್ಯಾನ್ ನಾರ್ಮಲ್ ಬರೋದೇ ಹೆಚ್ಚು. ಬಹುತೇಕರು ವಾರಗಳಲ್ಲಿ ಚೇತರಿಸ್ಕೋತಾರೆ, ಕೆಲವರು ಇಲ್ಲ.

ವಾರ್ಡಿನ ಫೈಲಿಗೆ ನಾನು "ನಾಟಕ" ಅಂತ ಬರೆಯಲ್ಲ. ಏನು ಹೇಳಿದ, ಎಷ್ಟು ಹೊತ್ತಿಗೆ, ಆಗ ಏನು ಮಾಡ್ತಿದ್ದ, ಅಷ್ಟೇ. ಒಂದು ಪದ ಫೈಲಿಗೆ ಹತ್ತಿದ್ರೆ ಮುಂದಿನ ಡಾಕ್ಟರು ಮೊದಲು ಓದೋದು ಅದನ್ನೇ.

ಆ ಹುಡುಗ ಪೆಟ್ಟಾದ ದಿನದ ಕಾಗದ ಎಲ್ಲಾ ಜೋಪಾನ ಮಾಡಿಟ್ಕೊಳ್ಳಲಿ. ನಿದ್ದೆ ಹೇಗಿದೆ ಅಂತ ಅವನ ಅಮ್ಮನನ್ನೇ ಕೇಳಿ. ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗೋದಾದ್ರೆ ನನಗೆ ಮೆಸೇಜ್ ಮಾಡಿ, ಅಲ್ಲಿ ಏನೇನು ಹೇಳಬೇಕು ಅಂತ ಪಟ್ಟಿ ಬರೆದು ಕಳಿಸ್ತೀನಿ.