ಜಾರುವ ಗಾಲಿಗೊಂದು ಕಡಿವಾಣ

ತಿರುವಿನಲ್ಲಿ ಎತ್ತಿನಗಾಡಿಯ ಹೊರಗಾಲಿ ಹೆಚ್ಚು ದೂರ ಸಾಗಬೇಕು, ಒಳಗಾಲಿ ಕಡಮೆ. ಎರಡೂ ಅಚ್ಚಿನ ಮೇಲೆ ಸ್ವತಂತ್ರವಾಗಿ ಸುತ್ತುವುದರಿಂದ ಗಾಡಿಗೆ ತೊಂದರೆಯಿಲ್ಲ. ಮೋಟಾರು ವಾಹನದ ಮಾತು ಬೇರೆ. ಅಲ್ಲಿ ಗಾಲಿಗಳನ್ನು ಎಂಜಿನ್ನೇ ತಿರುಗಿಸಬೇಕು. ಎರಡಕ್ಕೂ ಶಕ್ತಿಯನ್ನು ಕೊಟ್ಟು, ಬೇರೆ ಬೇರೆ ವೇಗದಲ್ಲಿ ಓಡಲು ಬಿಡುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕರ್ 1820ರ ದಶಕದ ಕೊನೆಯಲ್ಲೇ ಹಬೆಗಾಡಿಗಾಗಿ ಇದರ ಪೇಟೆಂಟ್ ಪಡೆದಿದ್ದ.

ಇದರಲ್ಲಿ ಒಂದು ದೋಷವಿತ್ತು. ಎರಡೂ ಗಾಲಿಗಳಿಗೆ ಸಮಪಾಲು ಎಳೆತವೆಂಬುದು ಇದರ ನಿಯಮ. ಒಂದು ಗಾಲಿ ಕೆಸರಿನಲ್ಲಿ ಜಾರಿದರೆ ಅದರ ಎಳೆತ ಶೂನ್ಯಕ್ಕಿಳಿಯುತ್ತದೆ. ಗಟ್ಟಿನೆಲದ ಗಾಲಿಗೂ ಅಷ್ಟೇ ಪಾಲು. ಕಾರು ನಿಂತಲ್ಲೇ ನಿಲ್ಲುತ್ತದೆ.

ಜರ್ಮನಿಯ ಆಟೋ ಯೂನಿಯನ್ ಪಂದ್ಯದ ಕಾರುಗಳಲ್ಲಿ ಗಂಟೆಗೆ 160 ಕಿ.ಮೀ. ವೇಗದಲ್ಲೂ ಒಂದು ಗಾಲಿ ವ್ಯರ್ಥವಾಗಿ ಸುತ್ತುತ್ತಿತ್ತು. 1935ರಲ್ಲಿ ಫರ್ಡಿನಾಂಡ್ ಪೋರ್ಷೆ ಇದಕ್ಕೆ ಉಪಾಯ ಹುಡುಕುವಂತೆ ಜೆಡ್.ಎಫ್. ಸಂಸ್ಥೆಯನ್ನು ಕೇಳಿಕೊಂಡರು. ಹಾಗೆ ಬಂದ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಮುಂದೆ ಶ್ರೀಮಂತರ ಕಾರುಗಳಿಗೂ ಇಳಿಯಿತು. ಅಮೆರಿಕದ ಪ್ಯಾಕರ್ಡ್ 1956ರಲ್ಲಿ ‘ಟ್ವಿನ್ ಟ್ರಾಕ್ಷನ್’ ಎಂಬ ಹೆಸರಿನಲ್ಲಿ ಇದನ್ನು ನೀಡಿತು. 1959ರ ಜಾಗ್ವಾರ್ ಮಾರ್ಕ್ 2ರ 3.8 ಲೀಟರ್ ಕಾರಿನಲ್ಲಿ ‘ಪವರ್-ಲಾಕ್’ ಇತ್ತು.

ಪವರ್-ಲಾಕ್ ಬಗೆಯದರಲ್ಲಿ ತೆಳುವಾದ ಉಕ್ಕಿನ ಬಿಲ್ಲೆಗಳು ಒಂದರ ಪಕ್ಕದಲ್ಲೊಂದು ಕೂತಿರುತ್ತವೆ. ಒಂದು ಬಿಲ್ಲೆ ಗಾಲಿಯ ಕಡೆಗೆ, ಮುಂದಿನದು ಹೊರಪೆಟ್ಟಿಗೆಗೆ ಜೋಡಣೆ. ಎಂಜಿನ್ನಿನ ಎಳೆತ ಹೆಚ್ಚಿದಷ್ಟೂ ಇವು ಒತ್ತಿಕೊಂಡು, ಒಂದು ಗಾಲಿ ಅತಿಯಾಗಿ ಜಾರದಂತೆ ತಡೆಯುತ್ತವೆ. ಆದರೆ ಪ್ರತಿ ತಿರುವಿನಲ್ಲೂ ಈ ಬಿಲ್ಲೆಗಳು ಪರಸ್ಪರ ಉಜ್ಜಲೇಬೇಕು. ಅಂದರೆ, ಸವೆತವೇ ಇದರ ಕಾಯಕ. ಅಳತೆ ಬೇರೆಯಾದ ಟೈರುಗಳನ್ನು ಎರಡು ಬದಿಗೆ ಹಾಕಿದರೆ ನೇರ ರಸ್ತೆಯಲ್ಲೂ ಉಜ್ಜಾಟ ತಪ್ಪದು. ಇದಕ್ಕೆಂದೇ ಇರುವ ಎಣ್ಣೆಯ ಬದಲು ಸಾಮಾನ್ಯ ಗೇರ್ ಎಣ್ಣೆ ಸುರಿದರೆ ಬಿಲ್ಲೆಗಳು ಕಚ್ಚಿ ಬಿಟ್ಟು, ತಿರುವಿನಲ್ಲಿ ಹಿಂಬದಿ ಗಡಗಡನೆ ಅದುರುತ್ತದೆ.

ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಪೂರ್ತಿ ಸವೆದ ಮೇಲೆ ಈ ಸದ್ದೂ ಇರುವುದಿಲ್ಲ. ಕಾರು ಇನ್ನಷ್ಟು ನಯವಾಗಿ ತಿರುಗುತ್ತದೆ, ಯಜಮಾನ ಸಂತೋಷಪಡುತ್ತಾನೆ. ಒದ್ದೆ ರಸ್ತೆಯಲ್ಲಿ ಒಂದೇ ಗಾಲಿ ಸುತ್ತಿದಾಗ ಮಾತ್ರ ಗುಟ್ಟು ಬಯಲು. ಆದ್ದರಿಂದ ಹಳೆಯ ಕಾರು ಕೊಳ್ಳುವವರು ಹಿಂಬದಿಯ ಒಂದು ಗಾಲಿಯನ್ನು ನೆಲದಿಂದೆತ್ತಿಸಿ, ಗೇರು ನ್ಯೂಟ್ರಲ್‌ನಲ್ಲಿಟ್ಟು, ಬ್ರೇಕು ಬಿಟ್ಟು, ಎತ್ತಿದ ಗಾಲಿಯನ್ನು ತಿರುಗಿಸಲು ಎಷ್ಟು ಬಲ ಬೇಕೆಂದು ಮೆಕ್ಯಾನಿಕ್ ಕೈಯಲ್ಲಿ ಅಳೆಯಿಸಬೇಕು. ಸುಲಭವಾಗಿ ತಿರುಗಿದರೆ ಬಿಲ್ಲೆಗಳ ಆಯುಷ್ಯ ಮುಗಿದಂತೆ.

ಇನ್ನೊಂದು ಎಚ್ಚರಿಕೆ: ಹಾಗೆ ಎತ್ತಿದಾಗ ಎಂಜಿನ್ ಚಾಲೂ ಮಾಡಿ ಗೇರು ಹಾಕಲೇಬಾರದು. ಸಾಮಾನ್ಯ ಕಾರಿನಲ್ಲಿ ಎತ್ತಿದ ಗಾಲಿ ಸುಮ್ಮನೆ ಸುತ್ತೀತು. ಇದರಲ್ಲಿ ನೆಲದ ಗಾಲಿಯೂ ಎಳೆದು, ಕಾರು ಜಾಕಿನಿಂದ ಹಾರಿ ಮುಂದೆ ನುಗ್ಗಬಹುದು. ನಮ್ಮ ಮಹಾನಗರಗಳ ವಿಂಟೇಜ್ ಕಾರು ರ್‍ಯಾಲಿಗಳಲ್ಲಿ ನಾವು ಹೊಳೆಯುವ ಬಣ್ಣವನ್ನು ಮೆಚ್ಚುತ್ತೇವೆ. ಕಾರಿನ ಹೊಟ್ಟೆಯಡಿ ಕತ್ತಲಲ್ಲಿ ಸವೆಯುವ ಈ ಬಿಲ್ಲೆಗಳಿಗೂ ಆ ಮೆಚ್ಚುಗೆಯಲ್ಲಿ ಒಂದು ಪಾಲು ಸಲ್ಲಬೇಕು.