ಮಸ್ಕಿಯ ಬಂಡೆಯೂ ಜೀರ್ಣೋದ್ಧಾರದ ಮೇರೆಯೂ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ಮಸ್ಕಿ, ತಾಲ್ಲೂಕು ಕೇಂದ್ರವಾಗುವ ಮುನ್ನ ಲಿಂಗಸುಗೂರು ತಾಲ್ಲೂಕಿಗೆ ಸೇರಿತ್ತು. ಈ ಸೀಮೆಯು ಹೈದರಾಬಾದ್ ಸಂಸ್ಥಾನದಲ್ಲಿದ್ದ 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರು ಇಲ್ಲಿಯ ಗುಡ್ಡದ ಬಂಡೆಯೊಂದರಲ್ಲಿ ಪ್ರಾಚೀನ ಬರಹವನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದರು. ಅದುವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ಇದ್ದವು. ಅಶೋಕನೆಂಬ ಹೆಸರು ಮೊದಲು ಕಂಡುದು ಮಸ್ಕಿಯಲ್ಲಿಯೇ. ಯಾರ ಗಮನಕ್ಕೂ ಬಾರದೆ ಉಳಿದಿದ್ದ ಬಂಡೆಯೊಂದು ಭಾರತದ ಇತಿಹಾಸದ ದೊಡ್ಡ ಸಂದೇಹವನ್ನು ಪರಿಹರಿಸಿತು. ಅದಕ್ಕೆ ಮೊದಲೇ ಕಲ್ಲುಕುಟಿಗರ ಸುತ್ತಿಗೆ ಅದರ ಮೇಲೆ ಬಿದ್ದಿದ್ದರೆ?

ಜೈನಸಮಾಜಕ್ಕೆ ಈ ಪ್ರಶ್ನೆ ಹೊರಗಿನದಲ್ಲ. 1997ರವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇದ್ದ ಕೊಪ್ಪಳವು ಪ್ರಾಚೀನ ಜೈನತೀರ್ಥವಾದ ಕೊಪಣ. ಅಲ್ಲಿಯ ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನವಿರುವಂತೆಯೇ ‘ವರಾಂಗಚರಿತ’ದ ಕರ್ತೃ ಜಟಾಸಿಂಹನಂದಿ ಆಚಾರ್ಯರ ಪಾದಚಿಹ್ನೆಗಳೂ ಇವೆ, ಅವನ್ನು ಚಾವಯ್ಯನು ಮಾಡಿಸಿದನೆಂದು ಅಲ್ಲಿಯ ಕನ್ನಡ ಬರಹ ತಿಳಿಸುತ್ತದೆ. ಹಳೆಯ ಬಸದಿಗಳ ಪರಿಸರದಲ್ಲಿ ಅಡುಗೆಮನೆಯ ಗೋಡೆಗೋ ಉಗ್ರಾಣದ ಮೆಟ್ಟಿಲಿಗೋ ನಿಸಿದಿಗಲ್ಲು, ದಾನಶಾಸನಗಳು ಸೇರಿಹೋಗಿರುವುದುಂಟು. ಗೋಡೆ ಕೆಡವುವಾಗ ಅವು ಕಲ್ಲುಮಣ್ಣಿನ ರಾಶಿಗೆ ಸೇರಿದರೆ ದಾನಿಗಳ, ಮುನಿಗಳ ನೆನಪೇ ಅಳಿಯುತ್ತದೆ.

ಆದುದರಿಂದ ರಕ್ಷಿತ ಸ್ಮಾರಕದ ಬಳಿ ಉಪಕಟ್ಟಡಗಳನ್ನು ತೆಗೆಯಬಯಸುವವರು ಕಾನೂನಿನ ಮೇರೆಯನ್ನು ಅರಿಯಬೇಕು. ಕೇಂದ್ರ ಸರ್ಕಾರದ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಾದ ತಿದ್ದುಪಡಿಯಂತೆ, ರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ, 1992ರ ಜೂನ್ 16ಕ್ಕೆ ಮುಂಚಿನ ಅಥವಾ ಅನಂತರ ಅನುಮೋದನೆ ಪಡೆದು ಕಟ್ಟಿದ ಕಟ್ಟಡದ ದುರಸ್ತಿ, ನವೀಕರಣಗಳಿಗೆ ಮಾತ್ರ ಅನುಮತಿ ಕೇಳಬಹುದು. ಪುನರ್ನಿರ್ಮಾಣಕ್ಕೆ ಅಲ್ಲಿ ಅವಕಾಶವಿಲ್ಲ. ಜೀರ್ಣವಾಯಿತೆಂದು ಕೆಡವಿಬಿಟ್ಟ ಉಗ್ರಾಣವನ್ನು ಅದೇ ಅಡಿಪಾಯದ ಮೇಲೆ ಮತ್ತೆ ಎಬ್ಬಿಸುವಂತಿಲ್ಲ. ನಿಯಂತ್ರಿತ ವಲಯದಲ್ಲಿ ಅನುಮತಿ ಪಡೆದು ಪುನರ್ನಿರ್ಮಿಸಬಹುದು.

ಅರ್ಜಿಯನ್ನು ಸಕ್ಷಮ ಪ್ರಾಧಿಕಾರಿಗೆ ಸಲ್ಲಿಸಬೇಕು. ಅವರು 15 ದಿನಗಳೊಳಗೆ ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸುತ್ತಾರೆ. ಪ್ರಾಧಿಕಾರವು ಎರಡು ತಿಂಗಳೊಳಗೆ ಅಭಿಪ್ರಾಯ ತಿಳಿಸುತ್ತದೆ. ಆ ಬಳಿಕ ಒಂದು ತಿಂಗಳೊಳಗೆ ತೀರ್ಮಾನ ಬರಬೇಕು. ರಕ್ಷಿತ ಸ್ಮಾರಕವನ್ನೇ ಹಾಳುಗೆಡವಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ವಿಧಿಸಬಹುದು. ರಾಜ್ಯ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1961ರ ಪ್ರತ್ಯೇಕ ಅಧಿನಿಯಮವಿದೆ.

ಯಾತ್ರಿಕರಿಗೆ ವಸತಿಯೂ ಪಾಕಶಾಲೆಯೂ ಬೇಕೆಂಬುದು ನಿಜ. ಆದರೆ ಕೆಲವು ತಿಂಗಳ ಕಾಯುವಿಕೆ ಶತಮಾನಗಳ ಕಲ್ಲಿಗೆ ಹೆಚ್ಚಲ್ಲ. ಗುದ್ದಲಿ ಎತ್ತುವ ಮೊದಲು ಪ್ರತಿಯೊಂದು ಗೋಡೆಯ ಛಾಯಾಚಿತ್ರ, ಅಳತೆಗಳನ್ನು ದಾಖಲಿಸಿ, ಬರಹವಿರುವ ಕಲ್ಲು ಕಂಡಲ್ಲಿ ಕೆಲಸ ನಿಲ್ಲಿಸಿ ಪುರಾತತ್ತ್ವ ಇಲಾಖೆಗೆ ತಿಳಿಸುವುದು ಸಮಿತಿಗಳ ಕರ್ತವ್ಯ. ಪೂರ್ವಿಕರ ಗುರುತುಗಳನ್ನು ಉಳಿಸಿಕೊಂಡು ನಡೆಯುವ ಜೀರ್ಣೋದ್ಧಾರವೇ ಆ ಹೆಸರಿಗೆ ಅರ್ಹವಾದುದು.